ಕ್ಯಾಮೆರಾ ಫ್ಲ್ಯಾಶ್‌ಗೆ ರೀಚಾರ್ಜಬಲ್ ಸೆಲ್ ಆರಿಸುವುದು ಹೇಗೆ?

ಫ್ಲ್ಯಾಶ್ ಒಂದು ಸಲ ಪೂರ್ತಿ ಜೋರಿನಲ್ಲಿ ಮಿಂಚಿದರೆ, ಮತ್ತೆ ಮಿಂಚಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಒಳಗೆ ವಿದ್ಯುತ್ ಕೂಡಿಡುವ ಕೆಪ್ಯಾಸಿಟರ್ ಎಂಬ ಭಾಗ ಮತ್ತೆ 300 ವೋಲ್ಟ್‌ನ ಆಸುಪಾಸಿಗೆ ತುಂಬಬೇಕು. ನಾವು ಕಾಯುತ್ತಿರುವಾಗಲೇ ಮಗು ನಕ್ಕುಬಿಡುತ್ತದೆ, ಗುಂಪಿನಲ್ಲಿ ಎಲ್ಲರ ಕಣ್ಣೂ ಒಟ್ಟಿಗೆ ತೆರೆದಿದ್ದ ಗಳಿಗೆ ದಾಟಿಹೋಗುತ್ತದೆ. ಆ ಕಾಯುವ ಹೊತ್ತನ್ನು ಕಡಿಮೆ ಮಾಡುವ ಸುಲಭದ ದಾರಿ ಎಂದರೆ ಸರಿಯಾದ ಸೆಲ್. ಹೊಸ ಫ್ಲ್ಯಾಶ್ ಕೊಳ್ಳುವ ಯೋಚನೆ ಆಮೇಲೆ ಮಾಡಬಹುದು.

ಇಲ್ಲಿ ಹೇಳುತ್ತಿರುವುದು ನಾಲ್ಕು ಎಎ ಸೆಲ್ ಹಾಕುವ ಫ್ಲ್ಯಾಶ್‌ಗಳ ಬಗ್ಗೆ. ತನ್ನದೇ ಲೀಥಿಯಂ ಪ್ಯಾಕ್ ಇರುವ ಫ್ಲ್ಯಾಶ್ ನಿಮ್ಮದಾದರೆ, ಅದಕ್ಕೆ ಹೊಂದುವ ಪ್ಯಾಕನ್ನೇ ಹಾಕಬೇಕು. ಅಲ್ಲಿ ಆರಿಸಲು ಜಾಸ್ತಿ ಏನೂ ಇಲ್ಲ.

ಮೊದಲು ಸೆಲ್‌ನ ಜಾತಿ ನೋಡಿ

ನಿಮಗೆ ಬೇಕಾದ್ದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಪೊಟ್ಟಣದ ಮೇಲೆ ಎನ್‌ಐ-ಎಂಎಚ್ ಎಂದು ಬರೆದಿರುತ್ತದೆ, ವೋಲ್ಟೇಜ್ 1.2 ಎಂದಿರುತ್ತದೆ. ಬಿಸಾಡುವ ಅಲ್ಕಲೈನ್ ಸೆಲ್ ಮೇಲೆ 1.5 ವೋಲ್ಟ್ ಎಂದಿರುವುದರಿಂದ, ಅದೇ ಹೆಚ್ಚು ಶಕ್ತಿಯದು ಅಂತ ಅನ್ನಿಸುವುದು ಸಹಜ. ಆದರೆ ಫ್ಲ್ಯಾಶ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು.

ಕೆಪ್ಯಾಸಿಟರ್ ತುಂಬುವಾಗ ಫ್ಲ್ಯಾಶ್ ಒಮ್ಮೆಗೇ ಹಲವು ಆಂಪಿಯರ್ ಕರೆಂಟ್ ಎಳೆಯುತ್ತದೆ. ಪ್ರತಿ ಸೆಲ್ ಒಳಗೂ ಒಂದಿಷ್ಟು ತಡೆ ಇರುತ್ತದೆ. ಹೊಸ ಅಲ್ಕಲೈನ್ ಸೆಲ್‌ನಲ್ಲಿ ಅದು ಕಡಿಮೆಯೆಂದರೂ ಸುಮಾರು 0.15 ಓಮ್. ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನಲ್ಲಿ ಸುಮಾರು 0.03 ಓಮ್. ಈಗ ನಾಲ್ಕು ಸೆಲ್ ಸಾಲಾಗಿ ಹಾಕಿ, 5 ಆಂಪಿಯರ್ ಎಳೆದೆವು ಅಂದುಕೊಳ್ಳಿ. ಅಲ್ಕಲೈನ್‌ನ 6 ವೋಲ್ಟ್‌ನಲ್ಲಿ 3 ವೋಲ್ಟ್ ಸೆಲ್‌ಗಳ ಒಳಗೇ ಕರಗುತ್ತದೆ, ಉಳಿಯುವುದು 3. ರೀಚಾರ್ಜಬಲ್ ಸೆಲ್‌ನ 4.8 ವೋಲ್ಟ್‌ನಲ್ಲಿ ಹೋಗುವುದು 0.6 ಮಾತ್ರ, 4.2 ಉಳಿಯುತ್ತದೆ. ತೊಟ್ಟಿ ಎಷ್ಟೇ ದೊಡ್ಡದಿರಲಿ, ನಲ್ಲಿ ಸಣ್ಣದಾದರೆ ಕೊಡ ತುಂಬಲು ಹೊತ್ತು ಹಿಡಿಯುತ್ತದೆ ಅಲ್ವಾ? ಫ್ಲ್ಯಾಶ್‌ಗೆ ಬೇಕಾದ್ದು ದೊಡ್ಡ ನಲ್ಲಿ. ಸೆಲ್ ಆರಿಸುವಾಗ ಈ ಒಂದು ಮಾತು ನೆನಪಿದ್ದರೆ, ಮುಂದಿನ ತೀರ್ಮಾನಗಳೆಲ್ಲ ಸುಲಭ.

ಎಂಎಎಚ್ ಅಂಕಿಗೆ ಮರುಳಾಗಬೇಡಿ

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿರುವ ಎಂಎಎಚ್ ಅಂಕಿ, ಸೆಲ್‌ನಲ್ಲಿ ಎಷ್ಟು ಕರೆಂಟ್ ತುಂಬಿಡಬಹುದು ಎಂದು ಹೇಳುತ್ತದೆ. ಎಷ್ಟು ಬೇಗ ಹೊರಗೆ ಕೊಡುತ್ತದೆ ಎಂದು ಹೇಳುವುದಿಲ್ಲ. ಎಎ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವುದು 2000ದ ಹತ್ತಿರದವು ಮತ್ತು 2500ರ ಹತ್ತಿರದವು. 2500ರ ಸೆಲ್‌ನಿಂದ ಸುಮಾರು ಕಾಲು ಭಾಗ ಹೆಚ್ಚು ಮಿಂಚು ಸಿಗುತ್ತದೆ, ನಿಜ. ಆದರೆ ಅದರ ಆಯಸ್ಸು ಕಡಿಮೆ. ಪ್ಯಾನಾಸೋನಿಕ್ ಕಂಪನಿಯ ಎನೆಲೂಪ್ ಸೆಲ್‌ಗಳನ್ನೇ ನೋಡಿ. ಸಾದಾ ಎನೆಲೂಪನ್ನು 2100 ಸಲ ಚಾರ್ಜ್ ಮಾಡಬಹುದು ಎಂದು ಕಂಪನಿ ಹೇಳಿದೆ. ಹೆಚ್ಚು ತುಂಬುವ ಎನೆಲೂಪ್ ಪ್ರೊಗೆ ಹೇಳಿದ್ದು 500 ಸಲ. ಇವು ಪ್ರಯೋಗಾಲಯದ ಅಂಕಿಗಳು, ನಮ್ಮ ಬಳಕೆಯಲ್ಲಿ ಅಷ್ಟು ಬರದಿರಬಹುದು. ಆದರೂ ಎರಡರ ನಡುವಿನ ಅಂತರ ದೊಡ್ಡದು.

ಹಾಗಾಗಿ ನನ್ನ ಸಲಹೆ 2000ದ ಸೆಲ್. ನಡುವೆ ಸೆಲ್ ಬದಲಿಸಲು ಬಿಡುವೇ ಇಲ್ಲದ ಕೆಲಸ ಮಾಡುವವರು 2500ರದ್ದನ್ನು ಕೊಳ್ಳಲಿ. ಉಳಿದವರು ಅದೇ ದುಡ್ಡಿನಲ್ಲಿ 2000ದ ಇನ್ನೊಂದು ಸೆಟ್ ಕಡೆ ಕೈಹಾಕುವುದು ವಾಸಿ.

3000, 4000 ಎಂಎಎಚ್ ಎಂದು ಬರೆದ ಎಎ ಸೆಲ್ ಕಂಡರೆ ಸುಮ್ನೆ ಮುಂದೆ ಹೋಗಿ. ಈ ಜಾತಿಯ ಸೆಲ್‌ನಲ್ಲಿ, ಈ ಅಳತೆಯಲ್ಲಿ ಅಷ್ಟು ತುಂಬುವುದಿಲ್ಲ. ಅನುಮಾನ ಬಂದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 2000ದ ಒಳ್ಳೆಯ ಸೆಲ್ 26 ಗ್ರಾಂ ಆಸುಪಾಸು ಇರುತ್ತದೆ, 2500ರದ್ದು 30ರ ಹತ್ತಿರ. 20 ಗ್ರಾಂ ಕೂಡ ತೂಗದ ಸೆಲ್ ಒಳಗೆ ಸರಕು ಕಡಿಮೆ ಎಂದೇ ಅರ್ಥ.

ಚಾರ್ಜ್ ಉಳಿಸಿಕೊಳ್ಳುವಂಥದ್ದನ್ನೇ ಕೊಳ್ಳಿ

ಹಳೆ ಕಾಲದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ಸುಮ್ನೆ ಇಟ್ಟರೂ ಒಂದೇ ತಿಂಗಳಲ್ಲಿ ಕಾಲು ಭಾಗದಷ್ಟು ಚಾರ್ಜ್ ಕಳೆದುಕೊಳ್ಳುತ್ತಿದ್ದವು. ಬ್ಯಾಗ್‌ನಿಂದ ತೆಗೆದಾಗ ಬಹಳ ಸಲ ಕೈಕೊಡುತ್ತಿದ್ದವು. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ತಂದ ಮೇಲೆ ಈ ತೊಂದರೆ ಬಹಳ ಕಡಿಮೆಯಾಯಿತು. ಈಗ ಅದು ಪ್ಯಾನಾಸೋನಿಕ್ ಹೆಸರಿನಲ್ಲಿ ಬರುತ್ತದೆ, ಬೇರೆ ಕಂಪನಿಗಳೂ ಇಂಥ ಸೆಲ್ ಮಾಡುತ್ತವೆ. ಪೊಟ್ಟಣದ ಮೇಲೆ 'ರೆಡಿ ಟು ಯೂಸ್' ಅಥವಾ 'ಪ್ರೀ ಚಾರ್ಜ್ಡ್' ಎಂದಿದ್ದರೆ ಸಾಮಾನ್ಯವಾಗಿ ಇದೇ ಬಗೆ. ತಿಂಗಳಿಗೊಮ್ಮೆ ಫ್ಲ್ಯಾಶ್ ಮುಟ್ಟುವವರಿಗೆ ಎಂಎಎಚ್‌ಗಿಂತ ಈ ಗುಣವೇ ಮುಖ್ಯ.

ಈ ಮೂರು ಸೆಲ್‌ಗಳ ಹತ್ತಿರ ಜಾಗ್ರತೆ

14500 ಎಂಬ ಲೀಥಿಯಂ ಸೆಲ್ ನೋಡಲು ಎಎ ಥರವೇ ಇರುತ್ತದೆ. ಆದರೆ ಅದು 3.7 ವೋಲ್ಟ್. ನಾಲ್ಕು ಹಾಕಿದರೆ 15 ವೋಲ್ಟ್‌ಗೆ ಹತ್ತಿರ, ಫ್ಲ್ಯಾಶ್ ಸುಟ್ಟುಹೋಗಬಹುದು. ದಯವಿಟ್ಟು ಹಾಕಬೇಡಿ.

ನಿಕಲ್ ಜಿಂಕ್ ಸೆಲ್ 1.6 ವೋಲ್ಟ್‌ನದು, ಆಗಷ್ಟೇ ಚಾರ್ಜ್ ಆಗಿದ್ದರೆ 1.8ಕ್ಕೂ ಹೋಗುತ್ತದೆ. ಫ್ಲ್ಯಾಶ್ ಬಹಳ ಬೇಗ ಸಿದ್ಧವಾಗುತ್ತದೆ, ಅಷ್ಟೇ ಬೇಗ ಬಿಸಿಯೂ ಆಗುತ್ತದೆ. ಫ್ಲ್ಯಾಶ್‌ನ ಕೈಪಿಡಿ ಒಪ್ಪಿದರೆ ಮಾತ್ರ ಹಾಕಿ.

ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಲೀಥಿಯಂ ಎಎ ಸೆಲ್‌ಗಳೂ ಇವೆ. ಅವುಗಳ ಒಳಗೆ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕಿಟ್ ಇರುತ್ತದೆ. ಅದು ಕೊಡುವ ಕರೆಂಟ್‌ಗೆ ಮಿತಿ ಇದೆ. ಫ್ಲ್ಯಾಶ್ ಜೋರಾಗಿ ಎಳೆದಾಗ ಅದು ಕೈ ಚೆಲ್ಲಬಹುದು. ಚಾರ್ಜ್ ಮುಗಿಯುವ ಸೂಚನೆಯನ್ನೂ ಕೊಡದೆ ಒಮ್ಮೆಗೇ ನಿಂತುಬಿಡುತ್ತದೆ. ಗೇಮ್ ಕಂಟ್ರೋಲರ್‌ನಂಥ ಸಣ್ಣ ಕೆಲಸಕ್ಕೆ ಅದು ಚೆನ್ನ, ಫ್ಲ್ಯಾಶ್‌ಗೆ ಬೇಡ.

ಚಾರ್ಜರ್ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ

ಒಳ್ಳೆಯ ಸೆಲ್‌ಗಳು ಬೇಗ ಹಾಳಾಗಲು ದೊಡ್ಡ ಕಾರಣ ಕೆಟ್ಟ ಚಾರ್ಜರ್. ನೋಡಬೇಕಾದ್ದು ಒಂದೇ ಗುಣ: ನಾಲ್ಕೂ ಸೆಲ್‌ಗಳನ್ನು ಬೇರೆ ಬೇರೆಯಾಗಿ ಗಮನಿಸುತ್ತದೆಯೇ? ನಾಲ್ಕು ಮನೆಗೆ ನಾಲ್ಕು ಸೂಚಕ ಇದ್ದರೆ, ಒಂದೇ ಸೆಲ್ ಹಾಕಿದರೂ ಚಾರ್ಜ್ ಆಗುವಂತಿದ್ದರೆ, ಹೌದು ಎನ್ನಬಹುದು. ಎರಡೆರಡು ಜೋಡಿಯಾಗಿ ಚಾರ್ಜ್ ಮಾಡುವ ಚಾರ್ಜರ್‌ನಲ್ಲಿ ಒಂದು ಸೆಲ್ ತುಂಬಿ ಬಿಸಿಯಾಗುತ್ತಿರುತ್ತದೆ, ಪಕ್ಕದ್ದು ಇನ್ನೂ ಅರ್ಧದಲ್ಲಿರುತ್ತದೆ.

ಸೆಲ್ ತುಂಬಿದಾಗ ಅದರ ವೋಲ್ಟೇಜ್ ಒಂಚೂರು ಇಳಿಯುತ್ತದೆ. ಜಾಣ ಚಾರ್ಜರ್ ಆ ಇಳಿತವನ್ನು ಹಿಡಿದು ನಿಲ್ಲಿಸುತ್ತದೆ. ಕರೆಂಟ್ ತೀರಾ ಕಡಿಮೆಯಿದ್ದರೆ ಆ ಇಳಿತ ಗೊತ್ತೇ ಆಗದೆ ಹೋಗಬಹುದು. ತೀರಾ ಜಾಸ್ತಿಯಾದರೆ ಸೆಲ್ ಸುಡುತ್ತದೆ. 2000ದ ಸೆಲ್‌ಗೆ 500ರಿಂದ 1000 ಮಿಲಿಆಂಪಿಯರ್ ಹದವಾದದ್ದು. 500ರಲ್ಲಿ ಖಾಲಿ ಸೆಲ್ ತುಂಬಲು ನಾಲ್ಕೂವರೆ, ಐದು ಗಂಟೆ ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಹಾಕಿಟ್ಟರೆ ಆಯಿತು.

ನಾಲ್ಕನ್ನೂ ಒಟ್ಟಿಗೇ ಬಾಳಿಸಿ

ಒಂದೇ ಕಂಪನಿಯ, ಒಂದೇ ಅಂಕಿಯ, ಒಂದೇ ಸಲ ಕೊಂಡ ನಾಲ್ಕು ಸೆಲ್ ಒಂದು ಸೆಟ್. ಮಾರ್ಕರ್‌ನಲ್ಲಿ ಅ, ಆ ಎಂದು ಗುರುತು ಹಾಕಿ, ಕೊಂಡ ತಿಂಗಳು ಬರೆದಿಡಿ. ಹಳೆಯದು ಹೊಸದು ಬೆರೆಸಿದರೆ, ಬಲ ಕಡಿಮೆಯಿರುವ ಸೆಲ್ ಮೊದಲು ಖಾಲಿಯಾಗುತ್ತದೆ. ಉಳಿದ ಮೂರು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತವೆ. ಆಗ ಅದರ ಪ್ಲಸ್ ಮೈನಸ್ ತಿರುಗಿ, ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಫ್ಲ್ಯಾಶ್ ನಿಧಾನವಾಯಿತು ಅನ್ನಿಸಿದ ಕೂಡಲೇ ನಾಲ್ಕನ್ನೂ ಬದಲಿಸಿ, ಪೂರ್ತಿ ಹಿಂಡಲು ಹೋಗಬೇಡಿ.

ಬಿಡಿ ಸೆಲ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ. ಜೇಬಿನಲ್ಲಿ ಬೀಗದ ಕೈ ತಾಗಿ ಶಾರ್ಟ್ ಆದರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತವೆ. ಕೆಲಸ ಮುಗಿದ ಮೇಲೆ ಫ್ಲ್ಯಾಶ್‌ನಿಂದ ಹೊರತೆಗೆಯಿರಿ. ಇನ್ನೊಂದು ಮಾತು: ಈ ಸೆಲ್ ಹಾಕಿದರೆ ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ, ಕೈಯೂ ನಿಲ್ಲದೆ ಒತ್ತುತ್ತದೆ. ಪೂರ್ತಿ ಜೋರಿನಲ್ಲಿ ಒಂದರ ಹಿಂದೊಂದು ಹೊಡೆದರೆ ಫ್ಲ್ಯಾಶ್‌ನ ತಲೆ ಕಾದು ಮುಂದಿನ ಪ್ಲಾಸ್ಟಿಕ್ ಕರಗಬಹುದು. ಎಷ್ಟು ಮಿಂಚಿಗೆ ಎಷ್ಟು ಬಿಡುವು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನು ಪಾಲಿಸಿ.

ಹೊಸದಿರುವಾಗಲೇ ಒಂದು ಅಳತೆ

ಹೊಸ ಸೆಟ್ಟನ್ನು ಮೂರು ನಾಲ್ಕು ಸಲ ಚಾರ್ಜ್ ಮಾಡಿ ಬಳಸಿದ ಮೇಲೆ ಅದು ಪೂರ್ತಿ ಬಲಕ್ಕೆ ಬರುತ್ತದೆ. ಆಗ ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ 1/1ಕ್ಕೆ, ಅಂದರೆ ಪೂರ್ತಿ ಜೋರಿಗೆ ಇಟ್ಟು, ಒಂದು ಸಲ ಮಿಂಚಿಸಿ. ರೆಡಿ ದೀಪ ಮತ್ತೆ ಹತ್ತಲು ಎಷ್ಟು ಸೆಕೆಂಡ್ ಬೇಕು ಎಂದು ಫೋನ್‌ನಲ್ಲಿ ಅಳೆದು ಬರೆದಿಡಿ. ಆರು ತಿಂಗಳಿಗೊಮ್ಮೆ, ಪೂರ್ತಿ ಚಾರ್ಜ್ ಮಾಡಿದ ಸೆಲ್‌ನಲ್ಲಿ ಇದನ್ನೇ ಮಾಡಿ. ಹೊತ್ತು ಒಂದೂವರೆ ಪಟ್ಟು ಆಯಿತು ಎಂದರೆ ಆ ಸೆಟ್ಟನ್ನು ಫ್ಲ್ಯಾಶ್ ಕೆಲಸದಿಂದ ಬಿಡಿಸಿ. ರಿಮೋಟ್‌ಗೋ ಗೋಡೆ ಗಡಿಯಾರಕ್ಕೋ ಅದು ಇನ್ನೂ ಬಹಳ ಕಾಲ ಬರುತ್ತದೆ. ಅಲ್ಲಿಯೂ ಮುಗಿದ ಮೇಲೆ ಮನೆಯ ಕಸಕ್ಕೆ ಹಾಕದೆ, ಹಳೆ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.