ಸಿಲಿಕಾನ್ ಬಿಟ್ಟು ಗಾಜಿಗೆ ಬಂದ ಮೇಲೆ ಸಿಕ್ಕ ಸೀಬೆಕ್: ನನ್ನ ಅನುಭವ

ನಾಲ್ಕು ಪದರದ ಮಾಲಿಬ್ಡಿನಂ ಡೈಸಲ್ಫೈಡ್ (ಪದರ ಪದರವಾಗಿ ಕೀಳಬಹುದಾದ ಅರೆವಾಹಕ) ಚಕ್ಕೆಯನ್ನು ಗಾಜಿನ ಮೇಲೆ ಕೂರಿಸಿ, ಲಾಕ್-ಇನ್ ಆಂಪ್ಲಿಫೈಯರ್ (ಗದ್ದಲದೊಳಗಿಂದ ಸಣ್ಣ ಸಿಗ್ನಲ್ ಹೆಕ್ಕುವ ಉಪಕರಣ) ಇಲ್ಲದೆ, ಹಾಸನದ ಮಳೆಗಾಲದಲ್ಲೇ ಸೀಬೆಕ್ ಅಳೆಯಬಹುದು. ಸೀಬೆಕ್ ಅಂದರೆ ವಸ್ತುವಿನ ಎರಡು ತುದಿಗಳ ನಡುವೆ ಒಂದು ಡಿಗ್ರಿ ಬಿಸಿಯ ವ್ಯತ್ಯಾಸಕ್ಕೆ ಹುಟ್ಟುವ ವೋಲ್ಟೇಜ್. ಆಗಲ್ಲ ಅಂದವರೇ ಜಾಸ್ತಿ. ಗಾಜಿನ ಮೇಲೆ ಅಷ್ಟು ತೆಳು ಚಕ್ಕೆ ಕಣ್ಣಿಗೆ ಬೀಳಲ್ಲ, ಕೆಳಗಿನಿಂದ ಗೇಟ್ ಕೊಡೋಕೂ (ಹೊರಗಿನ ವೋಲ್ಟೇಜ್‌ನಿಂದ ಚಕ್ಕೆಯ ಎಲೆಕ್ಟ್ರಾನ್ ಹೆಚ್ಚು-ಕಡಿಮೆ ಮಾಡೋಕೂ) ಬರಲ್ಲ ಅನ್ನೋದು ಅವರ ವಾದ. ಎರಡೂ ನಿಜ. ಆದರೂ ಹನ್ನೊಂದು ಚಕ್ಕೆಗಳಲ್ಲಿ ಒಂಬತ್ತು ಒಂದಕ್ಕೊಂದು ಹೊಂದುವ ಅಂಕಿ ಕೊಟ್ಟಿವೆ.

ದುಡ್ಡು ಹೋಗಿದ್ದು ಸಿಲಿಕಾನ್ ಮೇಲೆ. 300 ನ್ಯಾನೋಮೀಟರ್ ಆಕ್ಸೈಡ್ ಇರುವ ಚಿಪ್, ಅದರ ಮೇಲೆ ಬೆಂಗಳೂರಿನಲ್ಲಿ ಎಳೆಸಿದ ಚಿನ್ನದ ಗೆರೆಗಳು. ಹೀಟರ್ ಗೆರೆ 5 ಮೈಕ್ರಾನ್ ಅಗಲ, 200 ಮೈಕ್ರಾನ್ ಉದ್ದ, 50 ನ್ಯಾನೋಮೀಟರ್ ದಪ್ಪ, ರೋಧ ಸುಮಾರು 32 ಓಂ. ಹತ್ತು ಮಿಲಿಆಂಪ್ ಹರಿಸಿದರೆ ಮೂರು ಮಿಲಿವಾಟ್. ಹೀಟರಿನಿಂದ 5 ಮತ್ತು 15 ಮೈಕ್ರಾನ್ ದೂರದ ಎರಡು ಥರ್ಮಾಮೀಟರ್ ಗೆರೆಗಳ ನಡುವೆ ಸಿಕ್ಕಿದ್ದು ಬರೀ 0.04 ಕೆಲ್ವಿನ್. ಆಕ್ಸೈಡ್ ತೆಳುವಾದ್ದರಿಂದ ಕೆಳಗಿನ ಸಿಲಿಕಾನ್ ಬಿಸಿಯನ್ನೆಲ್ಲ ನುಂಗುತ್ತೆ. ಹತ್ತು-ಹದಿನೈದು ಮೈಕ್ರೋವೋಲ್ಟ್ ಸಿಗ್ನಲ್ ಗದ್ದಲದಲ್ಲಿ ಮುಳುಗಿಹೋಯಿತು. ಕರೆಂಟ್ ಏರಿಸುತ್ತಾ 40 ಮಿಲಿಆಂಪ್ ಹತ್ತಿರ ಹೋದಾಗ ಗೆರೆಗಳು ತುಂಡಾದವು. ಹಾಗೆ ಏಳು ಚಿಪ್, ಮಾಸ್ಕ್ (ಗೆರೆ ಎಳೆಯುವ ಅಚ್ಚು) ಖರ್ಚೂ ಸೇರಿ ಹದಿನೇಳು-ಹದಿನೆಂಟು ಸಾವಿರ ರೂಪಾಯಿ, ನೀರಿಗೆ ಬಿತ್ತು.

ಅದೇ ಮಾಸ್ಕ್, ಅದೇ ಗೆರೆ, ಕೆಳಗೆ ಮಾತ್ರ ಬೋರೋಸಿಲಿಕೇಟ್ ಗಾಜು. ಬಿಸಿ ಸಾಗಿಸುವುದರಲ್ಲಿ ಗಾಜು ಸಿಲಿಕಾನ್‌ಗಿಂತ ನೂರು ಪಟ್ಟಿಗೂ ಹೆಚ್ಚು ಹಿಂದೆ. ಐದೇ ಮಿಲಿಆಂಪ್‌ಗೆ ಒಂದೂಕಾಲು ಕೆಲ್ವಿನ್ ಬಂತು. ಸಿಗ್ನಲ್ 0.4 ಮಿಲಿವೋಲ್ಟ್ ದಾಟಿತು. ಇಷ್ಟಿದ್ದರೆ ಡಿಸಿ ಅಳತೆಯೇ ಸಾಕು, ಲಾಕ್-ಇನ್ ಬೇಡ.

ಚಕ್ಕೆ ಕಾಣಲ್ಲ ಅನ್ನೋ ತಕರಾರಿಗೆ ಉತ್ತರ: ಗಾಜಿನ ಮೇಲೆ ಹುಡುಕಲೇಬೇಡಿ. ಟೇಪಿನಿಂದ ಪಿಡಿಎಂಎಸ್ ಎಂಬ ಪಾರದರ್ಶಕ ರಬ್ಬರಿನ ಸ್ಟಾಂಪ್‌ಗೆ ಇಳಿಸಿ, ಕೆಳಗಿನಿಂದ ಬೆಳಕು ಬಿಟ್ಟು, ಫೋಟೋದ ಕೆಂಪು ಚಾನೆಲ್ ನೋಡಿ. ಒಂದೊಂದು ಪದರಕ್ಕೂ ಬೆಳಕು ಸುಮಾರು ಶೇ. 5 ಕಡಿಮೆಯಾಗುತ್ತೆ, ಮೆಟ್ಟಿಲು ಎಣಿಸಿದ ಹಾಗೆ. ಮೂರು ಚಕ್ಕೆಗಳಿಗೆ ರಾಮನ್ (ಚದುರಿದ ಲೇಸರ್ ಬೆಳಕಿನಿಂದ ವಸ್ತು ಗುರುತಿಸುವ ಪರೀಕ್ಷೆ) ಮಾಡಿಸಿ ತಾಳೆ ನೋಡಿದ್ದಾಯಿತು. ಎರಡು ಶಿಖರಗಳ ಅಂತರ ಒಂದು ಪದರಕ್ಕೆ ಪ್ರತಿ ಸೆಂಟಿಮೀಟರ್ ಲೆಕ್ಕದಲ್ಲಿ 19ರ ಸುತ್ತ ಇದ್ದರೆ, ನಮ್ಮವು 24ರ ಸುತ್ತ ಇದ್ದವು. ಸ್ಟಾಂಪ್ ಕೀಳುವಾಗ ಚಕ್ಕೆ ಹರಿಯೋದೇ ದೊಡ್ಡ ತಲೆನೋವು. ಎಷ್ಟು ಬಿಸಿಯಲ್ಲಿ, ಯಾವ ಕೋನದಲ್ಲಿ ಎಳೆಯಬೇಕು ಅನ್ನೋದು ನಾಲ್ಕು ತಿಂಗಳ ದುಡಿಮೆ, ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ. ಕೂರಿಸಿದ ಮೇಲೆ ಆರ್ಗಾನ್ ಹರಿವಿನಲ್ಲಿ 180 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದೆವು. ರೋಟರಿ ಪಂಪಿನ ವ್ಯಾಕ್ಯೂಮ್‌ನಲ್ಲಿ ಮಾಡಿದಾಗ ಎಣ್ಣೆಯ ಆವಿ ಹಿಂದೆ ಬಂದು ಕಾಂಟ್ಯಾಕ್ಟ್ ಕೆಟ್ಟಿತು.

ಆಮೇಲೆ ಮೋಸ ಮಾಡಿದ್ದು ಆಂಪ್ಲಿಫೈಯರ್. ಎಲ್ಲರೂ ಹಾಕುವ ಎಡಿ620 ಹಾಕಿದ್ದೆವು. ಅದರ ಇನ್‌ಪುಟ್ ಎಳೆಯುವ ಕರೆಂಟ್ ಅರ್ಧ ನ್ಯಾನೋಆಂಪ್, ನಮ್ಮ ಚಕ್ಕೆಯ ರೋಧ ಒಂದೂವರೆ ಮೆಗಾಓಂ. ಗುಣಿಸಿದರೆ 0.75 ಮಿಲಿವೋಲ್ಟ್, ಅಂದರೆ ಸಿಗ್ನಲ್‌ಗಿಂತ ಸುಳ್ಳೇ ದೊಡ್ಡದು! ಅದೂ ಒಂದೇ ಕಡೆ ನಿಲ್ಲಲ್ಲ. ಸೂಕ್ಷ್ಮದರ್ಶಕದ ದೀಪ ಬಿದ್ದ ಚಕ್ಕೆಯ ರೋಧ ಗಂಟೆಗಟ್ಟಲೆ ಬದಲಾಗುತ್ತಲೇ ಇರುತ್ತೆ, ಸುಳ್ಳೂ ಜೊತೆಗೇ ಜಾರುತ್ತೆ. ಎಲ್‌ಎಂಸಿ6482 ಎಂಬ ಇನ್ನೊಂದು ಆಂಪ್ಲಿಫೈಯರ್‌ಗೆ ಬದಲಾಯಿಸಿದ್ದೇ ಸರಿಹೋಯಿತು, ಅದರ ಕರೆಂಟ್ ಫೆಮ್ಟೋಆಂಪ್ ಲೆಕ್ಕದ್ದು. ಇನ್ನೂರು-ಮುನ್ನೂರು ರೂಪಾಯಿಯ ಕೆಲಸ. ಚಿಪ್ಪನ್ನು ಕಾಫಿಪುಡಿಯ ತಗಡಿನ ಡಬ್ಬಿಯೊಳಗೆ ಮುಚ್ಚಿಟ್ಟು, ಡಬ್ಬಿಯನ್ನು ಗ್ರೌಂಡ್ ಮಾಡಿ, ಒಂದು ರಾತ್ರಿ ಕತ್ತಲೆಯಲ್ಲಿ ಬಿಟ್ಟು ಬೆಳಿಗ್ಗೆ ಅಳೆಯಬೇಕು.

ಜುಲೈನಲ್ಲಿ ಮತ್ತೊಂದು ಕಾಟ. ಗಾಜಿನ ಮೈಮೇಲೆ ತೇವ ಕೂತು ಹೀಟರಿನ ವೋಲ್ಟೇಜ್ ಚಕ್ಕೆಗೆ ಸೋರುತ್ತೆ. ಹಿಡಿಯೋದು ಸುಲಭ: ಹೀಟರ್ ಕರೆಂಟಿನ ದಿಕ್ಕು ತಿರುಗಿಸಿ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ನಿಜವಾದ ಸಿಗ್ನಲ್ ಚಿಹ್ನೆ ಬದಲಿಸಲ್ಲ, ಸೋರಿಕೆ ಬದಲಿಸುತ್ತೆ. ಎರಡರ ಸರಾಸರಿ ತೆಗೆದರೆ ಸೋರಿಕೆ ಹೋಯಿತು. ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್, ಹೀಟರ್ ಮತ್ತು ಚಕ್ಕೆಯ ನಡುವೆ ಗ್ರೌಂಡ್ ಮಾಡಿದ ಇನ್ನೊಂದು ಚಿನ್ನದ ಗೆರೆ, ಇವೂ ಬೇಕು. ಇದಕ್ಕಿಂತ ಮುಖ್ಯ, ಚಕ್ಕೆಯ ಎರಡೂ ಬದಿಗೆ ಹೀಟರ್ ಇರಲಿ. ಎಡದ್ದು ಹಚ್ಚಿದಾಗ ಬಂದ ವೋಲ್ಟೇಜ್ ಬಲದ್ದು ಹಚ್ಚಿದಾಗ ತಿರುಗಲೇಬೇಕು. ತಿರುಗದ ಭಾಗ ಸೀಬೆಕ್ ಅಲ್ಲ. ಒಂದೇ ಹೀಟರಿನ ಅಂಕಿಯನ್ನು, ಯಾರೇ ತೋರಿಸಲಿ, ನಾನು ನಂಬಲ್ಲ.

ಥರ್ಮಾಮೀಟರ್ ಗೆರೆಗಳನ್ನು ನಾಲ್ಕು ತಂತಿಯಲ್ಲಿ, ಹಾಟ್‌ಪ್ಲೇಟ್ ಮೇಲೆ 30ರಿಂದ 60 ಡಿಗ್ರಿವರೆಗೆ, ಪ್ರತಿ ಚಿಪ್ಪಿಗೂ ಬೇರೆಯಾಗಿ ಹೊಂದಿಸಿಕೊಳ್ಳಿ. ಬಿಸಿಗೆ ರೋಧ ಎಷ್ಟು ಏರುತ್ತೆ ಅನ್ನೋ ತೆಳು ಚಿನ್ನದ ಗುಣಾಂಕ ಪುಸ್ತಕದ್ದಕ್ಕಿಂತ ಕಡಿಮೆ ಬರುತ್ತೆ, ನಮಗೆ ಡಿಗ್ರಿಗೆ 0.0025ರ ಆಸುಪಾಸು.

ಕೊನೆಗೆ ಬಂದದ್ದು ಕೆಲ್ವಿನ್‌ಗೆ ಮೈನಸ್ 350 ಮೈಕ್ರೋವೋಲ್ಟ್, ಮೂವತ್ತು-ನಲವತ್ತು ಆಚೀಚೆ. ಕರೆಂಟ್ ಹರಿಯದ ಅಳತೆಯಾದ್ದರಿಂದ ಕಾಂಟ್ಯಾಕ್ಟ್ ರೋಧ ಇದನ್ನು ಕೆಡಿಸಲ್ಲ. ಪವರ್ ಫ್ಯಾಕ್ಟರ್ (ಸೀಬೆಕ್‌ನ ವರ್ಗವನ್ನು ವಿದ್ಯುತ್ ವಾಹಕತೆಯಿಂದ ಗುಣಿಸಿದ್ದು) ಮಾತ್ರ 0.02 ಮಿಲಿವಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್ ವರ್ಗ. 2017ರಲ್ಲಿ ಎರಡು ಪದರಕ್ಕೆ ಗೇಟ್ ಕೊಟ್ಟು ವರದಿಯಾದದ್ದು 8.5. ಎಲೆಕ್ಟ್ರಾನ್ ತುಂಬದೆ ಆ ದೂರ ಕ್ರಮಿಸೋಕೆ ಆಗಲ್ಲ. ಅದಕ್ಕೇ ಪಿಇಒ ಎಂಬ ಪಾಲಿಮರ್‌ನಲ್ಲಿ ಲಿಥಿಯಂ ಪರ್‌ಕ್ಲೋರೇಟ್ ಲವಣ ಕಲಸಿ ಚಕ್ಕೆಯ ಮೇಲೊಂದು ಹನಿ ಬಿಟ್ಟು, ಮೇಲಿನಿಂದ ಗೇಟ್ ಕೊಟ್ಟು ನೋಡಿದೆವು. ರೋಧ ಇಪ್ಪತ್ತು ಪಟ್ಟು ಇಳಿಯಿತು, ಸೀಬೆಕ್ ಮೈನಸ್ 150ರ ಹತ್ತಿರ ಬಂತು, ಪವರ್ ಫ್ಯಾಕ್ಟರ್ ಮೂರೂವರೆ ಪಟ್ಟು ಏರಿತು. ಮರುದಿನಕ್ಕೆ ಆ ಪಿಇಒ ಹನಿ ತೇವ ಕುಡಿದು ಉಬ್ಬಿ, ಚಕ್ಕೆಯನ್ನು ಚಿನ್ನದಿಂದ ಮೇಲೆತ್ತಿತ್ತು. ಜನವರಿಯ ಒಣ ಹವೆಗೆ ಇನ್ನು ಆರು ಚಿಪ್ ಎತ್ತಿಟ್ಟಿದ್ದೇವೆ.