ಮುರಕಲ್ಲಿನ ಊರಿನಿಂದ ಹೊರಟ ಗಾಲ್ಫ್

ಹೊಸ ದೇಶದ ಗಾಲ್ಫ್ ಮೈದಾನಕ್ಕೆ ಹೋದಾಗ ಹೆಚ್ಚಿನವರು ಚೆಂಡನ್ನು ಅತಿ ದೂರ ಹೊಡೆಯುವ ಡ್ರೈವರ್ ಎಂಬ ಕೋಲು ಹಿಡಿದು ಅಭ್ಯಾಸದ ಜಾಗಕ್ಕೆ ನಡೆಯುತ್ತಾರೆ. ನಾನು ಮೂರು ಚೆಂಡುಗಳನ್ನು ಜೇಬಿಗೆ ಹಾಕಿಕೊಂಡು ಅಭ್ಯಾಸದ ಗ್ರೀನ್‌ನ, ಅಂದರೆ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗದ, ಅಂಚಿಗೆ ಹೋಗುತ್ತೇನೆ. ಒಂದನ್ನು ಎತ್ತರಕ್ಕೆ ಹಾರಿಸಿ ಬೀಳಿಸುತ್ತೇನೆ. ಇನ್ನೊಂದನ್ನು ತಗ್ಗಿನಲ್ಲಿ ಹೊಡೆದು ಓಡಿಸುತ್ತೇನೆ. ಮೂರನೆಯದನ್ನು ಪಟರ್ ಎಂಬ ಚಪ್ಪಟೆ ಮುಖದ ಕೋಲಿನಿಂದ ಉರುಳಿಸುತ್ತೇನೆ. ಬಿದ್ದ ಚೆಂಡು ಪುಟಿಯಿತೇ, ಹೂತುಹೋಯಿತೇ, ಓಡುವಾಗ ಯಾವ ಕಡೆಗೆ ವಾಲಿತು ಎಂದು ನೋಡಿಕೊಂಡರೆ ಆ ದಿನದ ಆಟಕ್ಕೆ ಬೇಕಾದ ಮುಕ್ಕಾಲು ಪಾಲು ತಿಳುವಳಿಕೆ ಅಲ್ಲೇ ಸಿಗುತ್ತದೆ. ಗಾಲ್ಫ್ ಆಡುವ ಪ್ರತಿ ದೇಶದಲ್ಲೂ ನಿಯಮದ ಪುಸ್ತಕ ಒಂದೇ. ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂಬ ಕಟ್ಟಳೆಯೂ ಒಂದೇ. ಬದಲಾಗುವುದು ನೆಲ, ಹುಲ್ಲು, ಗಾಳಿ.

ನನ್ನ ಆಟ ರೂಪುಗೊಂಡದ್ದು ಬಹ್ರೇನ್‌ನ ಮರಳಿನಲ್ಲಿ ಮತ್ತು ಮಂಗಳೂರಿನ ಮುರಕಲ್ಲಿನ ಮೇಲೆ. ಕರಾವಳಿಯ ನೂರಾರು ಜನರ ಹಾಗೆ ನಾನೂ ಕೊಲ್ಲಿಗೆ ದುಡಿಯಲು ಹೋದವನು, ಲೆಕ್ಕಪತ್ರದ ಕೆಲಸ. ಸಂಜೆ ಬಿಸಿಲು ಇಳಿದ ಮೇಲೆ ಸಹೋದ್ಯೋಗಿಯೊಬ್ಬರು ಅವಾಲಿಯ ಮರಳಿನ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹುಲ್ಲು ಇಲ್ಲ. ಗೂಟ ನೆಟ್ಟು ಗುರುತು ಮಾಡಿದ ಫೇರ್‌ವೇ, ಅಂದರೆ ಗ್ರೀನ್‌ವರೆಗಿನ ಆಟದ ದಾರಿ; ಸುತ್ತ ಕಲ್ಲು ಮರಳು. ಗ್ರೀನ್‌ನ ಬದಲು ಎಣ್ಣೆ ಬೆರೆಸಿ ಒತ್ತಿ ಗಟ್ಟಿಮಾಡಿದ ಕಂದು ಮರಳಿನ ವೃತ್ತ. ಅದನ್ನು ಬ್ರೌನ್ ಎಂದೇ ಕರೆಯುತ್ತಾರೆ. ಪಟ್ ಮಾಡಿ ಮುಗಿದ ಮೇಲೆ ಹೆಜ್ಜೆಗುರುತು ಹೋಗುವಂತೆ ಗುಡಿಸಿ ಹೊರಡಬೇಕು. ಕೃತಕ ಹುಲ್ಲಿನ ಒಂದು ಸಣ್ಣ ಚಾಪೆಯನ್ನು ಎಲ್ಲರೂ ಜೊತೆಗೆ ಹೊತ್ತು ನಡೆಯುತ್ತಾರೆ. ಚೆಂಡು ಫೇರ್‌ವೇಯಲ್ಲಿದ್ದರೆ ಚಾಪೆಯ ಮೇಲಿಟ್ಟು ಹೊಡೆಯಬಹುದು, ಹೊರಗೆ ಹೋದರೆ ಮರಳಿನಿಂದಲೇ ಹೊಡೆಯಬೇಕು. 1988ರಲ್ಲಿ ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನ ಮಜ್ಲಿಸ್ ಮೈದಾನ ಹಸಿರಾಗುವ ಮೊದಲು ಕೊಲ್ಲಿಯ ಗಾಲ್ಫ್ ಎಂದರೆ ಇದೇ ಆಗಿತ್ತು. ಈಗ ಉಪ್ಪುನೀರನ್ನು ತಾಳಿಕೊಳ್ಳುವ ಪಾಸ್ಪಾಲಮ್ ಹುಲ್ಲು ಬೆಳೆಸಿ ಬಹಳ ಕಡೆ ಹಸಿರು ಮಾಡಿದ್ದಾರೆ. ಆದರೂ ಮರಳಿನ ಮೈದಾನವನ್ನು ಕೀಳಾಗಿ ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಚೆಂಡನ್ನು ಮೊದಲು, ನೆಲವನ್ನು ಆಮೇಲೆ ಮುಟ್ಟುವ ಶಿಸ್ತನ್ನು ನನ್ನ ಕೈಗೆ ಕಲಿಸಿದ್ದು ಆ ಮರಳೇ.

ಊರಿಗೆ ಮರಳಿದ ಮೇಲೆ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೋಗತೊಡಗಿದೆ. ನಮ್ಮ ಮುರ ಮಣ್ಣಿನ ಗುಣ ಗಾಲ್ಫ್ ಆಡುವವನಿಗೆ ಬೇಗ ಅರಿವಾಗುತ್ತದೆ. ಏಪ್ರಿಲ್‌, ಮೇ ತಿಂಗಳಲ್ಲಿ ಹುಲ್ಲಿನ ಕೆಳಗೆ ಗಟ್ಟಿ ನೆಲ. ಚೆಂಡನ್ನು ಎತ್ತರಕ್ಕೆ ಹಾರಿಸುವ ವೆಜ್ ಎಂಬ ಕೋಲಿನಿಂದ ಜೋರಾಗಿ ಕೆಳಕ್ಕೆ ಹೊಡೆದರೆ ಮಣಿಕಟ್ಟು ಝುಮ್ಮೆನ್ನುತ್ತದೆ, ಚೆಂಡು ಗ್ರೀನ್‌ಗೆ ಬಿದ್ದರೂ ನಿಲ್ಲದೆ ಮುಂದಕ್ಕೆ ಜಾರಿಹೋಗುತ್ತದೆ. ಜೂನ್‌ನಿಂದ ಮಳೆ ಹಿಡಿಯಿತೆಂದರೆ ಅದೇ ನೆಲ ಕೆಸರಾಗಿ, ಬಿದ್ದ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಒಂದೇ ಮೈದಾನ ಎರಡು ದೇಶಗಳ ಪಾಠ ಹೇಳುತ್ತದೆ. ಬೇಸಗೆಯ ಒಂದು ದಿನ ಆಟಗಾರರ ಚೀಲ ಹೊರುವ ಅಲ್ಲಿನ ಹಿರಿಯ ಕ್ಯಾಡಿಯೊಬ್ಬರು ನನ್ನ ಕೈಯಿಂದ ವೆಜ್ ತೆಗೆದುಕೊಂಡು ಅದಕ್ಕಿಂತ ತಗ್ಗಿನಲ್ಲಿ ಹೊಡೆಯುವ ಏಳನೇ ನಂಬರಿನ ಐರನ್ ಎಂಬ ಕೋಲು ಕೊಟ್ಟು, "ಮೇಲಕ್ಕೆ ಬೇಡ ಸಾರ್, ನೆಲದಲ್ಲೇ ಓಡಲಿ, ನೆಲ ನೋಡಿಕೊಳ್ಳುತ್ತದೆ" ಎಂದರು. ಆ ಹೊಡೆತವನ್ನು ನಾನು ದೇಶ ದೇಶಗಳಿಗೆ ಹೊತ್ತುಕೊಂಡು ಹೋಗಿದ್ದೇನೆ. ಚೆಂಡನ್ನು ಬಲಗಾಲಿನ ಕಡೆಗೆ ಸ್ವಲ್ಪ ಸರಿಸಿಕೊಂಡು, ಕೈಗಳನ್ನು ಚೆಂಡಿಗಿಂತ ಮುಂದಿಟ್ಟು, ಪಟ್ ಮಾಡುವಷ್ಟೇ ಸಣ್ಣ ತೂಗು. ಚೆಂಡು ಗ್ರೀನ್‌ಗಿಂತ ಮೊದಲೇ ಬಿದ್ದು, ಉಳಿದ ದಾರಿಯನ್ನು ಓಡಿಯೇ ಮುಗಿಸುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೆಖೆಯಲ್ಲಿ ಗಾಳಿ ಭಾರವಾಗಿರುತ್ತದೆ, ಆದ್ದರಿಂದ ಮಂಗಳೂರಿನಲ್ಲಿ ಚೆಂಡು ದೂರ ಹೋಗುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಆದರೆ ನೀರಾವಿ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ನಿಜವಾದ ಕಾರಣ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ 150 ಮೀಟರ್‌ನ ಹೊಡೆತಕ್ಕೆ ಐದಾರು ಮೀಟರ್ ಹೆಚ್ಚು ಸಿಗುತ್ತದೆ. ಘಟ್ಟ ಹತ್ತಿ ಆಡುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು, ಇಳಿದು ಬರುವವರು ಇನ್ನೂ ಹೆಚ್ಚಾಗಿ.

ಹುಲ್ಲನ್ನು ಓದುವುದು ನನಗೆ ತಿಳಿದದ್ದು ಕೊಲಂಬೊದಲ್ಲಿ. ರಾಯಲ್ ಕೊಲಂಬೊ ಗಾಲ್ಫ್ ಕ್ಲಬ್ 1879ರದ್ದು. ಕೆಲಾನಿ ಕಣಿವೆಯ ರೈಲು ಮಾರ್ಗ ಮೈದಾನದ ನಡುವೆಯೇ ಹಾದುಹೋಗುತ್ತದೆ; ರೈಲು ಬಂದರೆ ನಿಂತು ದಾರಿ ಕೊಡುತ್ತೇವೆ. ಬಿಸಿ ದೇಶಗಳ ಬಹುಪಾಲು ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಾವು ಚೌತಿಯಂದು ಗಣಪತಿಗೆ ಏರಿಸುವ ಗರಿಕೆಯೇ. ಗ್ರೀನ್‌ಗಳಲ್ಲಿರುವುದು ಅದರ ಮಿಶ್ರತಳಿ. ಗರಿಕೆಯ ಸ್ವಭಾವ ನಮಗೆ ಗೊತ್ತು, ಅದು ಮಲಗಿ ಹರಡುತ್ತದೆ. ಹಾಗಾಗಿ ಗ್ರೀನ್‌ನ ಮೇಲೆ ಅದಕ್ಕೊಂದು ದಿಕ್ಕು ಇರುತ್ತದೆ. ಬೆಕ್ಕಿನ ಬೆನ್ನು ನೇವರಿಸುವಾಗ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತಡೆ ಸಿಗುವ ಹಾಗೆಯೇ ಚೆಂಡಿಗೂ ಆಗುತ್ತದೆ. ಅಲ್ಲಿನ ಕ್ಯಾಡಿ ಇಳಿಜಾರನ್ನು ನೋಡಲೇ ಇಲ್ಲ. ಕುಳಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಅದರ ಬಾಯಿಯ ಅಂಚನ್ನು ಬೆರಳಿನಿಂದ ತೋರಿಸಿದರು. ಒಂದು ಬದಿಯಲ್ಲಿ ಅಂಚು ಚೂಪಾಗಿ ಹಸಿರಾಗಿತ್ತು. ಎದುರು ಬದಿಯಲ್ಲಿ ಎಳೆಗಳು ಒಣಗಿ ಕಂದಾಗಿ, ಅಂಚು ಸವೆದು ಹರಿದಂತಿತ್ತು. ಬೇರಿನಿಂದ ಕಡಿದುಹೋದ ಎಳೆಗಳು ಸಾಯುವುದು ಆ ಬದಿಯಲ್ಲಿ, ಅಂದರೆ ಹುಲ್ಲು ಮಲಗಿರುವುದು ಆ ಕಡೆಗೆ. ಚೆಂಡು ಆ ಕಡೆಗೆ ಹೋಗುವುದಾದರೆ ಬೇಗ ಓಡುತ್ತದೆ, ಎದುರು ಬರುವುದಾದರೆ ಸ್ವಲ್ಪ ಜೋರು ಬೇಕು. ದೂರದಿಂದ ನೋಡುವಾಗ ಹುಲ್ಲು ಹೊಳೆದರೆ ಅದು ನಮ್ಮಿಂದ ಆಚೆಗೆ ಮಲಗಿದೆ, ಕಪ್ಪಗೆ ಕಂಡರೆ ನಮ್ಮ ಕಡೆಗೆ. ಅಂದಿನಿಂದ ಎಲ್ಲಿ ಹೋದರೂ ಕುಳಿಯ ಅಂಚು ನೋಡದೆ ಪಟರ್ ಮುಟ್ಟುವುದಿಲ್ಲ.

ಥಾಯ್ಲೆಂಡ್‌ನ ಹೆಚ್ಚಿನ ಮೈದಾನಗಳಲ್ಲಿ ಕ್ಯಾಡಿ ಕಡ್ಡಾಯ, ಬಹುತೇಕ ಎಲ್ಲರೂ ಹೆಂಗಸರು. ಅವರ ಶುಲ್ಕ ಬೇರೆ, ಕೊನೆಯಲ್ಲಿ ಕೈಗೆ ಕೊಡಬೇಕಾದ ಭಕ್ಷೀಸು ಬೇರೆ. ಎರಡನ್ನೂ ಮೊದಲೇ ಕೇಳಿಕೊಂಡರೆ ಮನಸ್ಸು ಹಗುರ. ಅವರು ಹೇಳಿದ ಗೆರೆಯಲ್ಲಿ ಕಣ್ಣು ಮುಚ್ಚಿ ಪಟ್ ಮಾಡಿದರೆ ಸಾಕು. ಜಪಾನಿನಲ್ಲಿ ಒಂಬತ್ತು ಹೋಲ್, ಅಂದರೆ ಒಂಬತ್ತು ಕುಳಿಗಳ ಆಟ, ಆದ ಮೇಲೆ ಆಟ ನಿಲ್ಲಿಸಿ ಊಟಕ್ಕೆ ಕೂರಿಸುತ್ತಾರೆ, ಹದಿನೆಂಟು ಮುಗಿದ ಮೇಲೆ ಬಿಸಿನೀರಿನ ಸ್ನಾನ. ಅಲ್ಲಿನ ಹಳೆಯ ಮೈದಾನಗಳಲ್ಲಿ ಒಂದೊಂದು ಹೋಲ್‌ಗೆ ಎರಡೆರಡು ಗ್ರೀನ್ ಇರುವುದೂ ಉಂಟು. ಸೆಖೆಗಾಲವನ್ನು ತಾಳುವ ಕೊರಾಯ್ ಹುಲ್ಲಿನದೊಂದು, ಚಳಿಗೆ ಒಗ್ಗುವ ಬೆಂಟ್ ಹುಲ್ಲಿನದೊಂದು. ಕೊರಾಯ್ ಎಳೆ ಗಡುಸು, ಅದರ ಮೇಲೆ ಹಿಂಜರಿದು ಪಟ್ ಮಾಡಿದರೆ ಚೆಂಡು ನಡುದಾರಿಯಲ್ಲೇ ನಿಲ್ಲುತ್ತದೆ. ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ಗೆಳೆಯರಿಗೆಲ್ಲ ಔತಣ, ಉಡುಗೊರೆ ಕೊಡುವ ಪದ್ಧತಿ ಇರುವುದರಿಂದ ಆ ಖರ್ಚಿಗೆಂದೇ ವಿಮೆ ಮಾಡಿಸುತ್ತಾರೆ.

ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ಬಗ್ಗೆ ಬರೆಯುವಾಗ ನನಗೆ ಸಂಕ್ಷೇಪ ಸಾಧ್ಯವಿಲ್ಲ. ಅಲ್ಲಿನ ಓಲ್ಡ್ ಕೋರ್ಸ್ ಸಾರ್ವಜನಿಕರ ನೆಲ. ಯಾವ ಕ್ಲಬ್‌ನ ಸದಸ್ಯನೂ ಆಗಿರದ ಹೊರಗಿನವನು ತನ್ನ ಆಟದ ಮಟ್ಟವನ್ನು ಅಂಕಿಯಲ್ಲಿ ಹೇಳುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ತೋರಿಸಿ, ಎರಡು ದಿನ ಮೊದಲು ನಡೆಯುವ ಚೀಟಿ ಎತ್ತುವಿಕೆಗೆ ಹೆಸರು ಕೊಡಬಹುದು. ಆಟದ ಶುಲ್ಕ ನೂರಾರು ಪೌಂಡ್, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಸರು ಬರಲು ತಡವಾಯಿತು. ಆ ನಡುವೆ ಪಕ್ಕದ ನ್ಯೂ ಕೋರ್ಸ್‌ನಲ್ಲಿ ಆಡಿದೆ. ಹೆಸರು ಹೊಸದಾದರೂ ಅದು ತೆರೆದದ್ದು 1895ರಲ್ಲಿ, ಶುಲ್ಕವೂ ಹಿತವಾಗಿದೆ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ. ಅಂದು ಅದು ಊರವರ ವಾಯುವಿಹಾರದ ಜಾಗ. ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಕೋಲೂರಿ ಬಂದ ಅಜ್ಜಂದಿರು ಫೇರ್‌ವೇಯ ಮೇಲೆಯೇ ನಡೆಯುತ್ತಿದ್ದರು. ನಾನೂ ನಡೆದೆ. ಜಗತ್ತಿನ ಅತ್ಯಂತ ಹೆಸರುವಾಸಿ ಮೈದಾನ ವಾರಕ್ಕೊಂದು ದಿನ ಯಾರ ಕಾಲಿಗೂ ಒದಗುತ್ತದೆ ಎಂಬುದು ನನ್ನ ಮನಸ್ಸನ್ನು ತುಂಬಿಬಿಟ್ಟಿತು. ಗಾಲ್ಫ್ ಎಂದರೆ ಬೇಲಿ ಹಾಕಿದ ಶ್ರೀಮಂತಿಕೆ ಎಂದು ನಮ್ಮಲ್ಲಿ ಬೇರೂರಿದೆ. ಆಟ ಬೆಳೆದ ಊರಿನಲ್ಲಿ ಬೇಲಿ ಇಲ್ಲ.

ನಡೆಯುವಾಗ ಕಾಲಿಗೆ ತಿಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯಿಂದ ಸಪಾಟಾಗಿ ಕಾಣುವ ನೆಲದ ತುಂಬ ಮಡಿಕೆ, ತಗ್ಗು, ದಿಣ್ಣೆ. 14ನೇ ಹೋಲ್‌ನ ಹೆಲ್ ಬಂಕರ್ ಎಂಬ ಮರಳುಗುಂಡಿ ಆಳುದ್ದಕ್ಕಿಂತ ಆಳ. ಏಳು ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಳ್ಳುತ್ತವೆ. ಎರಡನೆಯದಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ ಯಾವ ಜೋಡಿಯನ್ನು ಕೂಡಿಸಿದರೂ 18. ಹೋಲ್‌ಗಳ ಸಂಖ್ಯೆ 18 ಎಂದು ಜಗತ್ತಿಗೆಲ್ಲ ನಿಂತದ್ದೂ ಇಲ್ಲಿಂದಲೇ, 1764ರಲ್ಲಿ 22 ಹೋಲ್‌ಗಳನ್ನು ಇಳಿಸಿದ ಮೇಲೆ. ಜಂಟಿ ಗ್ರೀನ್‌ಗಳ ವಿಸ್ತಾರ ಎಷ್ಟೆಂದರೆ ಗ್ರೀನ್ ತಲುಪಿದೆ ಎಂದು ಹಿಗ್ಗುವ ಹೊತ್ತಿಗೆ ಕುಳಿ ಮೂವತ್ತು ಮೀಟರ್ ಆಚೆ ಇರಬಹುದು.

ಕೊನೆಗೆ ಚೀಟಿಯಲ್ಲಿ ಹೆಸರು ಬಂದು ಆಡಿದ ದಿನ ಸಮುದ್ರದ ಗಾಳಿ ಬೀಸುತ್ತಿತ್ತು. ಕೆಳಗೆ ಮರಳು, ಮೇಲೆ ತೆಳುವಾದ ಫೆಸ್ಕ್ಯೂ ಹುಲ್ಲು, ನೀರು ನಿಲ್ಲದ ಗಟ್ಟಿ ನೆಲ. ಜೊತೆಗೆ ಆಡುತ್ತಿದ್ದವರು ಎತ್ತರಕ್ಕೆ ಹಾರಿಸಿದ ಚೆಂಡುಗಳನ್ನು ಗಾಳಿ ಬದಿಗೆ ಒಯ್ದು ಬಿಸಾಡುತ್ತಿತ್ತು. ನನಗೆ ಅದು ಮೇ ತಿಂಗಳ ಪಿಲಿಕುಳವಾಗಿತ್ತು. ಏಳನೇ ನಂಬರಿನ ಐರನ್ ಹಿಡಿದು ಓಡಿಸಿದೆ. ಹಲವು ಕಡೆ ಗ್ರೀನ್‌ನಿಂದ ಬಹಳ ಹಿಂದಿನಿಂದಲೇ ಪಟರ್ ಹಿಡಿದೆ. 17ನೇ ಹೋಲ್‌ನಲ್ಲಿ ಚೆಂಡು ಗ್ರೀನ್ ದಾಟಿ ಹಿಂದಿನ ರಸ್ತೆಗೆ ಉರುಳಿತು. ಅಲ್ಲಿ ರಸ್ತೆಯೂ ಆಟದ ಭಾಗವೇ, ಎತ್ತಿಡುವ ಅವಕಾಶವಿಲ್ಲ. ಡಾಂಬರಿನ ಮೇಲಿಂದ ಅದೇ ಐರನ್‌ನಿಂದ ಮೆಲ್ಲನೆ ತಳ್ಳಿದೆ. ಅಂಚಿಗೆ ಬಡಿದು, ಒಮ್ಮೆ ಪುಟಿದು, ಗ್ರೀನ್ ಹತ್ತಿ ನಿಂತಿತು. ಸ್ಕಾಟಿಷ್ ಕ್ಯಾಡಿ ನಿಮ್ಮ ಊರಿನಲ್ಲೂ ಲಿಂಕ್ಸ್, ಅಂದರೆ ಇಂಥ ಕಡಲಂಚಿನ ಮರಳುನೆಲದ ಮೈದಾನ, ಇದೆಯೇ ಎಂದು ಕೇಳಿದರು. ಕಡಲಿದೆ, ನೆಲ ಕಲ್ಲಿನದು ಎಂದೆ.

ಹೊರಡುವವರಿಗೆ ಕೆಲವು ವ್ಯಾವಹಾರಿಕ ಸಂಗತಿಗಳು. ಕ್ಲಬ್‌ನ ಮೂಲಕ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಮಾಡಿಸಿಕೊಳ್ಳಿ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಿಂದಾಗಿ ಮಂಗಳೂರಿನ ಅಂಕಿಗೆ ಎಲ್ಲೆಡೆ ಬೆಲೆ ಇದೆ. ಸಾಮಾನ್ಯ ಆಟಗಾರನಿಗೆ ಎಷ್ಟು ಕಷ್ಟ ಎಂದು ಹೇಳುವ ಸ್ಲೋಪ್ ರೇಟಿಂಗ್ ಎಂಬ ಅಂಕಿ ಪ್ರತಿ ಮೈದಾನಕ್ಕೂ ಇರುತ್ತದೆ. ಸಾಧಾರಣ ಮಟ್ಟ 113, ಗರಿಷ್ಠ 155. ನಿಮ್ಮ ಇಂಡೆಕ್ಸ್ 18 ಆಗಿದ್ದು ಮೈದಾನದ ಸ್ಲೋಪ್ 135 ಇದ್ದರೆ, 18ನ್ನು 135ರಿಂದ ಗುಣಿಸಿ 113ರಿಂದ ಭಾಗಿಸಿ: ಸುಮಾರು ಇಪ್ಪತ್ತೊಂದೂವರೆ. ಅಲ್ಲಿ ನಿಮಗೆ ಸಿಗುವ ಹೆಚ್ಚುವರಿ ಹೊಡೆತಗಳ ಲೆಕ್ಕ ಇದು. ಮೈದಾನದ ರೇಟಿಂಗ್ (ನುರಿತವನಿಗೆ ಬೇಕಾಗುವ ಹೊಡೆತಗಳು) ಮತ್ತು ಪಾರ್ (ಮೈದಾನಕ್ಕೆ ಗೊತ್ತುಮಾಡಿದ ಹೊಡೆತಗಳು) ನಡುವಿನ ವ್ಯತ್ಯಾಸವನ್ನೂ ಇದಕ್ಕೆ ಸೇರಿಸುತ್ತಾರೆ. ಹೊಸ ಜಾಗದಲ್ಲಿ ಹಿಂದಿನ ಟೀಯಿಂದ ಆಡುವ ಹುಮ್ಮಸ್ಸು ಬೇಡ, ಮುಂದಿನ ಟೀಯಿಂದ ಮೈದಾನದ ನಿಜವಾದ ಚೆಲುವು ಕಾಣುತ್ತದೆ. ಚೀಲದಲ್ಲಿ ಕೋಲುಗಳು 14ಕ್ಕಿಂತ ಹೆಚ್ಚು ಇರಬಾರದು ಎಂಬುದು ನಿಯಮ, ಕಡಿಮೆ ಇರಬಾರದು ಎಂದಿಲ್ಲ. ನಾನು ಎಂಟೇ ಒಯ್ಯುತ್ತೇನೆ. ವಿಮಾನದ ತೂಕದ ಮಿತಿಯೊಳಗೆ ಬರುತ್ತದೆ, ಹೆಗಲಿಗೂ ಸುಲಭ. ವಾರದ ನಡುವೆ, ಮಧ್ಯಾಹ್ನದ ನಂತರ ಆಡಿದರೆ ಅನೇಕ ಕಡೆ ಶುಲ್ಕ ಇಳಿಯುತ್ತದೆ. ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸ್ಥಳೀಯ ನಿಯಮಗಳನ್ನು ಮೊದಲ ಟೀಗೆ ಬರುವ ಮುನ್ನವೇ ಓದಿ.

ಉಡುಪಿ, ಮಂಗಳೂರಿನ ಎಳೆಯರು ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ದುಬೈ ಬೇಡ, ಕೊಲಂಬೊಗೆ ಹೋಗಿ ಎನ್ನುತ್ತೇನೆ. ಖರ್ಚು ಕಡಿಮೆ, ಹವೆ ನಮ್ಮದೇ, ಹುಲ್ಲು ನಮ್ಮದೇ. ಕಲಿತದ್ದನ್ನು ಊರಿಗೆ ಬಂದ ಮರುದಿನವೇ ಬಳಸಬಹುದು. ನನ್ನ ಮುಂದಿನ ಆಸೆ ನ್ಯೂಜಿಲೆಂಡ್. ಅಲ್ಲಿನ ಹಳ್ಳಿಗಳ ಸಣ್ಣ ಮೈದಾನಗಳಲ್ಲಿ ಹಣ ವಸೂಲಿಗೆ ಯಾರೂ ಕೂತಿರುವುದಿಲ್ಲ, ಬಾಗಿಲ ಬಳಿಯ ಡಬ್ಬಿಗೆ ಶುಲ್ಕ ಹಾಕಿ ಆಡಲು ಹೊರಡುತ್ತಾರೆ. ಆದರೆ ಆ ದೇಶಕ್ಕೆ ಹೊರಗಿನ ಮಣ್ಣು ಒಂದು ಚೂರೂ ಹೋಗಬಾರದು. ಗಾಲ್ಫ್ ಶೂಗಳ ಮುಳ್ಳುಗಳ ಸಂದಿನಲ್ಲಿ, ಐರನ್‌ಗಳ ಗೀರುಗಳಲ್ಲಿ ಅಂಟಿದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ, ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಳ್ಳಬೇಕು. ಇಳಿಯುವ ಮುನ್ನ ತುಂಬುವ ಅರ್ಜಿಯಲ್ಲಿ ಬಳಸಿದ ಕ್ರೀಡಾ ಸಾಮಗ್ರಿ ಇದೆ ಎಂದೇ ಬರೆಯಬೇಕು. ಶುಚಿಯಾಗಿದ್ದರೆ ನೋಡಿ ಹಿಂದಿರುಗಿಸುತ್ತಾರೆ, ಹೇಳದೆ ಸಿಕ್ಕಿಬಿದ್ದರೆ ದಂಡ.