ಡೇವಿಡ್ ಲೀನ್ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು

ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಸಿನಿಮಾ ನೋಡಬೇಕು ಅಂತ ಕೂತವರು ಸಾಮಾನ್ಯವಾಗಿ ಮೊದಲು ಹಾಕೋದು ‘ಲಾರೆನ್ಸ್ ಆಫ್ ಅರೇಬಿಯಾ’. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮರಳುಗಾಡು, ಒಂಟೆ, ಯುದ್ಧ ಎಲ್ಲ ಕಣ್ಣು ತುಂಬುತ್ತವೆ ನಿಜ, ಆದರೆ ಆ ಅಬ್ಬರದಲ್ಲಿ ಈ ಮನುಷ್ಯನ ನಿಜವಾದ ಕಸುಬು ಏನು ಅನ್ನೋದೇ ಕಣ್ತಪ್ಪಿ ಹೋಗುತ್ತದೆ. ಅವರ ಕಸುಬು ಎಡಿಟಿಂಗ್. ಒಂದು ಶಾಟ್ ಎಲ್ಲಿ ನಿಲ್ಲಬೇಕು, ಮುಂದಿನದು ಎಲ್ಲಿ ಶುರುವಾಗಬೇಕು, ಅಷ್ಟೇ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಅವರ 16 ಸಿನಿಮಾಗಳಲ್ಲಿ ಯಾವುದನ್ನು ನೋಡಿದರೂ ಹಿಡಿಯೋಕೆ ಒಂದು ಎಳೆ ಸಿಗುತ್ತದೆ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಹುಟ್ಟಿದ್ದು 1908ರಲ್ಲಿ, ಲಂಡನ್ನಿಗೆ ಹತ್ತಿರದ ಕ್ರಾಯ್ಡನ್‌ನಲ್ಲಿ. ಮನೆಯವರು ಕ್ವೇಕರ್ ಪಂಥದ ಕಟ್ಟುನಿಟ್ಟಿನ ಕ್ರೈಸ್ತರು, ಹುಡುಗನನ್ನು ಸಿನಿಮಾ ಕಡೆ ತಲೆ ಹಾಕಲೂ ಬಿಡುತ್ತಿರಲಿಲ್ಲ. ಅಪ್ಪನ ಹಾಗೆ ಲೆಕ್ಕಪತ್ರದ ಕೆಲಸಕ್ಕೆ ಹಚ್ಚಿದರು, ಅದು ಒಗ್ಗಲಿಲ್ಲ. 1927ರಲ್ಲಿ ಗೋಮಾಂಟ್ ಸ್ಟುಡಿಯೋ ಸೇರಿ ಟೀ ತಂದುಕೊಡುವ ಹುಡುಗನಾದರು, ಆಮೇಲೆ ಕ್ಲ್ಯಾಪ್ ಹೊಡೆದರು, ಆಮೇಲೆ ಎಡಿಟಿಂಗ್ ಕೋಣೆಗೆ ಹೋಗಿ ನ್ಯೂಸ್‌ರೀಲ್‌ಗಳನ್ನು ಕತ್ತರಿಸಿ ಅಂಟಿಸುತ್ತಾ ಕೈ ಪಳಗಿಸಿಕೊಂಡರು. 1942ರಲ್ಲಿ ನಾಟಕಕಾರ ನೋಯೆಲ್ ಕವರ್ಡ್ ಜೊತೆ ಸೇರಿ ಮೊದಲ ಸಿನಿಮಾ ನಿರ್ದೇಶಿಸುವ ಹೊತ್ತಿಗೆ ಬ್ರಿಟನ್ನಿನಲ್ಲಿ ಒಳ್ಳೆಯ ಎಡಿಟರ್ ಅಂತ ಹೆಸರಾಗಿತ್ತು.

ಶುರು ಮಾಡಬೇಕಾದ್ದು ‘ಬ್ರೀಫ್ ಎನ್‌ಕೌಂಟರ್’ನಿಂದ. 1945ರದ್ದು, ಕಪ್ಪು ಬಿಳುಪು, ಬರೀ 86 ನಿಮಿಷ. ಮದುವೆಯಾದ ಒಬ್ಬ ಹೆಂಗಸು, ಮದುವೆಯಾದ ಒಬ್ಬ ಡಾಕ್ಟರು, ರೈಲ್ವೆ ಸ್ಟೇಷನ್ನಿನ ಟೀ ಅಂಗಡಿ, ಅವಳ ಕಣ್ಣಿಗೆ ಬಿದ್ದ ಒಂದು ಕಸ. ಅಷ್ಟರಿಂದ ಕತೆ ಶುರು. ಮೊದಲ ಹತ್ತು ನಿಮಿಷ ಗಮನ ಕೊಟ್ಟು ನೋಡಿ: ಇಬ್ಬರು ಮೇಜಿನ ಮುಂದೆ ಕೂತಿದ್ದಾರೆ, ಪರಿಚಯದ ಒಬ್ಬ ಬಾಯಿಬಡುಕಿ ಬಂದು ನಡುವೆ ಕೂತು ಒಂದೇ ಸಮನೆ ಮಾತಾಡುತ್ತಾಳೆ, ಅವನು ಎದ್ದು ಅವಳ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋಗುತ್ತಾನೆ. ನಮಗೆ ಏನೂ ಅನ್ನಿಸಲ್ಲ. ಸಿನಿಮಾದ ಕೊನೆಗೆ ಇದೇ ದೃಶ್ಯ ಮತ್ತೆ ಬರುತ್ತದೆ, ಈಗ ಇಬ್ಬರ ಕತೆ ನಮಗೆ ಗೊತ್ತು, ಅದೇ ಕೈ, ಅದೇ ಹೆಗಲು, ಆದರೆ ಈ ಸಲ ಎದೆ ಹಿಂಡುತ್ತದೆ. ಒಂದು ಘಟನೆಯನ್ನು ಎಲ್ಲಿ ಇಟ್ಟರೆ ಅದಕ್ಕೆ ಎಷ್ಟು ತೂಕ ಬರುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಸಿನಿಮಾ ನಾನಂತೂ ನೋಡಿಲ್ಲ. ಮುಗಿದ ಕೂಡಲೇ ಹಿಂದಕ್ಕೆ ಹೋಗಿ ಆ ಹತ್ತು ನಿಮಿಷ ಇನ್ನೊಮ್ಮೆ ನೋಡಿ. ಎರಡೂ ಸಲ ಕ್ಯಾಮೆರಾ ಯಾರ ಜೊತೆ ನಿಂತಿದೆ ಅಂತ ಹೋಲಿಸಿ.

ಆಮೇಲೆ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’, 1946. ಬೇರೇನೂ ಬೇಡ ಅಂದರೂ ಶುರುವಿನ ಸ್ಮಶಾನದ ದೃಶ್ಯ ನೋಡಲೇಬೇಕು. ಸಂಜೆ ಹೊತ್ತು, ಸೌಂಡ್ ಜಾಸ್ತಿ ಇಟ್ಟುಕೊಂಡು. ಆ ಪುಟ್ಟ ಹುಡುಗ ಓಡುವಾಗ ಏನಾಗುತ್ತದೆ ಅಂತ ನಾನು ಹೇಳಲ್ಲ.

1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಲೀನ್ ದೊಡ್ಡ ಪರದೆಗೆ ಹೊರಳಿದ ಸಿನಿಮಾ. ಕತೆ ಥಾಯ್ಲೆಂಡಿನದು, ಶೂಟಿಂಗ್ ಶ್ರೀಲಂಕಾದ ಕಿತುಲ್‌ಗಲದಲ್ಲಿ. ಏಳು ಆಸ್ಕರ್ ಬಂತು. ಇದನ್ನು ನೋಡಿದ ಮೇಲೆ ‘ಲಾರೆನ್ಸ್’ಗೆ ನೀವು ತಯಾರು.

‘ಲಾರೆನ್ಸ್’ 1962ರದ್ದು, ಅದಕ್ಕೂ ಏಳು ಆಸ್ಕರ್. ಫೋನಿನಲ್ಲಿ ನೋಡಲೇಬೇಡಿ. ಥಿಯೇಟರಿನಲ್ಲಿ ಸಿಕ್ಕರೆ ರಜೆ ಹಾಕಿ ಹೋಗಿ, ಇಲ್ಲದಿದ್ದರೆ ಮನೆಯಲ್ಲಿರುವ ದೊಡ್ಡ ಟಿವಿ. 1989ರಲ್ಲಿ ಹಳೆಯ ಸಿನಿಮಾಗಳನ್ನು ಸರಿಪಡಿಸುವ ರಾಬರ್ಟ್ ಹ್ಯಾರಿಸ್, ಲೀನ್ ಸೇರಿ ಸರಿಪಡಿಸಿದ ಆವೃತ್ತಿಯನ್ನೇ ಹುಡುಕಿ. ನಡುವೆ ಕತ್ತರಿಸಿ ಹಾಕಿದ್ದ ಭಾಗಗಳನ್ನು ಮತ್ತೆ ಸೇರಿಸಿದ್ದಾರೆ, ಕೆಲವಕ್ಕೆ ಧ್ವನಿಯೇ ಉಳಿದಿರಲಿಲ್ಲ, ಅದಕ್ಕೆ ಲಾರೆನ್ಸ್ ಪಾತ್ರ ಮಾಡಿದ ಪೀಟರ್ ಓ’ಟೂಲ್ ಇಪ್ಪತ್ತೈದಕ್ಕೂ ಜಾಸ್ತಿ ವರ್ಷ ಕಳೆದ ಮೇಲೆ ಬಂದು ತನ್ನ ಮಾತುಗಳನ್ನು ಮತ್ತೆ ಡಬ್ ಮಾಡಿದರು. ಶುರುವಿನಲ್ಲಿ ಕೆಲವು ನಿಮಿಷ ಪರದೆ ಕತ್ತಲಾಗಿರುತ್ತದೆ, ಬರೀ ಮೌರಿಸ್ ಜಾರ್ ಸಂಗೀತ. ಟಿವಿ ಕೆಟ್ಟಿಲ್ಲ, ಮುಂದಕ್ಕೆ ಓಡಿಸಬೇಡಿ. ನಡುವೆ ಇಂಟರ್ವಲ್ ಇದೆ, ಊಟ ಆಗ ಮಾಡಿ.

ಎರಡು ಜಾಗದಲ್ಲಿ ಮಾತ್ರ ರಿಮೋಟ್ ಕೈಗೆ ತೆಗೆದುಕೊಳ್ಳಿ. ಒಂದು, ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಮುಖದ ಹತ್ತಿರ ಹಿಡಿದು ಊದುವುದು. ಉಫ್ ಅನ್ನುತ್ತಲೇ ಪರದೆ ತುಂಬ ಸೂರ್ಯ ಇನ್ನೂ ಮೂಡದ ಮರಳುಗಾಡಿನ ಕೆಂಪು ಬಾನು. ಮೊದಲು ಯೋಚಿಸಿದ್ದು ಒಂದು ಚಿತ್ರ ನಿಧಾನ ಕರಗಿ ಇನ್ನೊಂದು ಮೂಡುವ ಡಿಸಾಲ್ವ್. ಎಡಿಟಿಂಗ್ ಕೋಣೆಯಲ್ಲಿ ಎರಡು ಶಾಟ್‌ಗಳನ್ನು ಸುಮ್ನೆ ಒಂದರ ಹಿಂದೆ ಒಂದು ಅಂಟಿಸಿ ನೋಡಿದಾಗ ಅದೇ ಸರಿ ಅನ್ನಿಸಿತು, ಎಡಿಟರ್ ಆನ್ ಕೋಟ್ಸ್ ಒಂದೆರಡು ಫ್ರೇಮ್ ಸವರಿ ಅದನ್ನು ಪಕ್ಕಾ ಮಾಡಿದರು. ಒಂದೆರಡು ಫ್ರೇಮ್ ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ! ಇನ್ನೊಂದು, ಬಾವಿ ಹತ್ತಿರ ಓಮರ್ ಶರೀಫ್ ಬರುವುದು. ದೂರದ ಬಿಸಿಲ್ಗುದುರೆಯಲ್ಲಿ ಒಂದು ಚುಕ್ಕೆ, ಅದು ನಡುಗುತ್ತಾ ನಡುಗುತ್ತಾ ಮನುಷ್ಯನಾಗುತ್ತದೆ. ಅಲ್ಲಿ ಕತ್ತರಿಸದೆ ಕಾಯ್ದಿದ್ದಾರೆ ನೋಡಿ, ಅದೂ ಎಡಿಟಿಂಗೇ ಅಲ್ವಾ?

‘ಡಾಕ್ಟರ್ ಝಿವಾಗೊ’ 1965ರದ್ದು, ಸಂಗೀತಕ್ಕೂ ಹಿಮಕ್ಕೂ ನೋಡಿ. 1970ರ ‘ರಯಾನ್ಸ್ ಡಾಟರ್’ ಕೊನೆಗೆ ಇಟ್ಟುಕೊಳ್ಳಬಹುದು. ಆ ಚಿತ್ರಕ್ಕೆ ವಿಮರ್ಶಕರು ಹಿಗ್ಗಾಮುಗ್ಗಾ ಬೈದರು, ಲೀನ್‌ಗೆ ತುಂಬಾ ನೋವಾಯಿತು, ಮುಂದಿನ ಸಿನಿಮಾ ಬರೋಕೆ 14 ವರ್ಷ ಹಿಡಿಯಿತು. ಅವರು ಇನ್ನೆರಡು ಮೂರು ಸಿನಿಮಾ ಮಾಡಬಹುದಾಗಿದ್ದ ವರ್ಷಗಳು ಅವು, ನೆನೆದರೆ ಈಗಲೂ ಬೇಜಾರಾಗುತ್ತದೆ.

ಆ ಮುಂದಿನ ಸಿನಿಮಾ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’, ಅದು ತಯಾರಾಗಿದ್ದು ನಮ್ಮ ಕಡೆ. ಸಿನಿಮಾಗೆ ಆಧಾರವಾದ ಇ. ಎಂ. ಫಾರ್ಸ್ಟರ್ ಕಾದಂಬರಿಯಲ್ಲಿ ಬರುವ ಮರಬಾರ್ ಗುಹೆಗಳ ಮೂಲ ಬಿಹಾರದ ಬರಾಬರ್ ಬೆಟ್ಟ, ಆದರೆ ಸಿನಿಮಾದಲ್ಲಿ ಕಾಣೋದು ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. ಊರಿನ ಸೆಟ್ ಹಾಕಿದ್ದು ಬೆಂಗಳೂರು ಅರಮನೆ ಮೈದಾನದಲ್ಲಿ. ಸಿನಿಮಾ ನೋಡಿದ ಮರುದಿನವೇ ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ ಹೋಗಿ, ಬೆಳಗ್ಗೆ ಬೇಗ, ನೀರು ಜಾಸ್ತಿ ಇಟ್ಟುಕೊಂಡು. ಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕ್ಯಾಮೆರಾ ಎಲ್ಲಿಟ್ಟಿರಬಹುದು ಅಂತ ಕಣ್ಣು ತಾನಾಗೇ ಹುಡುಕುತ್ತದೆ. ಬಿಸಿಲಿಗೆ ಬೋಳು ಕಲ್ಲು ಹೊಳೆಯುವ ಆ ಬಣ್ಣ ಸಿನಿಮಾದಲ್ಲೂ ಹಾಗೇ ಇದೆ.

ಮತ್ತೆ ಟೈಟಲ್ ಕಾರ್ಡ್ ಬಿಡಬೇಡಿ. ನಿರ್ದೇಶನದ ಜೊತೆಗೆ ಎಡಿಟಿಂಗ್‌ಗೂ ಡೇವಿಡ್ ಲೀನ್ ಅಂತಲೇ ಇದೆ. ಆಗ ಅವರಿಗೆ 76. ಇನ್ನೊಂದು ಸಿನಿಮಾಗೆ ತಯಾರಿ ನಡೆಸುತ್ತಿದ್ದಾಗಲೇ 1991ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಕತ್ತರಿ ಹಿಡಿದು ತಾವೇ ಕೂತ ಕೊನೆಯ ಸಿನಿಮಾ ಇದೇ ಆಯಿತು.